ಕ್ಲೋರಿನ್‌ನ ಆ ಅರ್ಧ ಎಲ್ಲಿಂದ ಬಂತು?

ಪ್ರಶ್ನೆ: ನಾನು ಹೈಸ್ಕೂಲ್ ವಿದ್ಯಾರ್ಥಿ. ಪರಮಾಣು ರಚನೆಯ ಪಾಠದಲ್ಲಿ ಮೂರು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಪ್ರೋಟಾನ್, ನ್ಯೂಟ್ರಾನ್‌ಗಳನ್ನು ಅರ್ಧ ಎಣಿಸಲು ಬರುವುದಿಲ್ಲ. ಹಾಗಿದ್ದರೆ ಕ್ಲೋರಿನ್‌ನ ಪರಮಾಣು ರಾಶಿ 35.5 ಹೇಗಾಯಿತು? ಮೂರನೇ ಕವಚದಲ್ಲಿ 18 ಎಲೆಕ್ಟ್ರಾನ್ ಹಿಡಿಸುತ್ತವೆ ಎಂದು ಪುಸ್ತಕವೇ ಹೇಳುತ್ತದೆ. ಆದರೆ ಪೊಟ್ಯಾಸಿಯಂನ ಎಲೆಕ್ಟ್ರಾನ್‌ಗಳನ್ನು ಕವಚವಾರು 2, 8, 8, 1 ಎಂದು ಬರೆಸುತ್ತಾರೆ. 2, 8, 9 ಯಾಕಲ್ಲ? ಸೋಡಿಯಂ ತನ್ನ ಎಲೆಕ್ಟ್ರಾನನ್ನು ಕೊಡಲು ಇಷ್ಟಪಡುತ್ತದೆ ಅಂತಾರೆ. ಪರಮಾಣುವಿಗೆ ಇಷ್ಟ ಕಷ್ಟ ಎಲ್ಲಿಂದ ಬಂತು?

ಉತ್ತರ: ನಿಮ್ಮ ಮೂರೂ ಗೊಂದಲಗಳ ಬೇರು ಒಂದೇ ಕಡೆ ಇದೆ. ಈ ಪಾಠದಲ್ಲಿ ಬರುವ ಅಂಕಿಗಳೆಲ್ಲ ನೋಡಲು ಒಂದೇ ಥರ ಕಾಣುತ್ತವೆ. ಆದರೆ ಅವು ಒಂದೇ ಜಾತಿಯವಲ್ಲ. ಕ್ಲೋರಿನ್‌ನ 17 ಎಂಬುದು ಪ್ರೋಟಾನ್‌ಗಳ ಎಣಿಕೆ. 35.5 ಸರಾಸರಿ. 18 ಎಂದರೆ ಹೆಚ್ಚೆಂದರೆ ಎಷ್ಟು ಹಿಡಿಸಬಹುದು ಎಂಬ ಮಿತಿ. ಹೊರ ಕವಚದಲ್ಲಿ 8 ಎಂಬುದೋ, ಬಹಳ ಸಲ ಕೈಹಿಡಿಯುವ, ಕೆಲವು ಸಲ ಕೈಕೊಡುವ ಒಂದು ರೂಢಿಯ ನಿಯಮ. ಪುಸ್ತಕ ಇವನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತದೆ. ತೊಡಕು ಶುರುವಾಗುವುದು ಅಲ್ಲೇ.

ಕ್ಲೋರಿನ್ ಮತ್ತು 35.5

ಕ್ಲೋರಿನ್ ಪರಮಾಣುವಿನ ನಡುವೆ ನ್ಯೂಕ್ಲಿಯಸ್ ಇದೆ. ಅದರೊಳಗೆ 17 ಪ್ರೋಟಾನ್‌ಗಳಿವೆ. ಇದರಲ್ಲಿ ರಿಯಾಯಿತಿ ಇಲ್ಲ. ಒಂದು ಕಮ್ಮಿಯಾದರೆ ಅದು ಗಂಧಕ. ಒಂದು ಜಾಸ್ತಿಯಾದರೆ ಆರ್ಗಾನ್. ಧಾತುವಿನ ಹೆಸರು ನಿಂತಿರುವುದೇ ಈ ಒಂದು ಸಂಖ್ಯೆಯ ಮೇಲೆ. ಪರಮಾಣು ಸಂಖ್ಯೆ ಎನ್ನುವುದು ಇದನ್ನೇ.

ನ್ಯೂಟ್ರಾನ್‌ಗಳ ವಿಷಯದಲ್ಲಿ ಇಷ್ಟು ಬಿಗಿ ಇಲ್ಲ. 17 ಪ್ರೋಟಾನ್‌ಗಳ ಜೊತೆ 18 ನ್ಯೂಟ್ರಾನ್ ಇದ್ದರೂ ನ್ಯೂಕ್ಲಿಯಸ್ ಗಟ್ಟಿಯಾಗಿ ನಿಲ್ಲುತ್ತದೆ, 20 ಇದ್ದರೂ ನಿಲ್ಲುತ್ತದೆ. ಮೊದಲನೆಯದರ ರಾಶಿ ಸಂಖ್ಯೆ, ಅಂದರೆ ಪ್ರೋಟಾನ್ ನ್ಯೂಟ್ರಾನ್‌ಗಳ ಒಟ್ಟು ಎಣಿಕೆ, 35, ಎರಡನೆಯದರದು 37. ಇವೇ ಕ್ಲೋರಿನ್‌ನ ಎರಡು ಸ್ಥಿರ ಐಸೋಟೋಪ್‌ಗಳು. ನಡುವಿನ 19 ಏನಾಯಿತು ಎಂದು ಕೇಳಬಹುದು. 19 ನ್ಯೂಟ್ರಾನ್ ಇರುವ ಕ್ಲೋರಿನ್-36 ಕೂಡ ಇದೆ. ಆದರೆ ಅದು ವಿಕಿರಣಶೀಲ, ಅರ್ಧಾಯುಷ್ಯ ಸುಮಾರು 3 ಲಕ್ಷ ವರ್ಷ. ಪ್ರಕೃತಿಯಲ್ಲಿ ಸಿಗುವುದು ಲೆಕ್ಕಕ್ಕೆ ಬಾರದಷ್ಟು ಮಾತ್ರ.

ಈಗ ನಾಲ್ಕು ಕ್ಲೋರಿನ್ ಪರಮಾಣು ಎತ್ತಿಕೊಳ್ಳಿ. ಪ್ರಕೃತಿಯ ಮಿಶ್ರಣದಲ್ಲಿ ಅವುಗಳಲ್ಲಿ ಹೆಚ್ಚುಕಡಿಮೆ ಮೂರು 35ರವು, ಒಂದು 37ರದು. ಕೂಡಿಸಿದರೆ 105 ಮತ್ತು 37, ಒಟ್ಟು 142. ನಾಲ್ಕರಿಂದ ಭಾಗಿಸಿ. 35.5 ಬಂತು. ಅರ್ಧದ ಗುಟ್ಟು ಇಷ್ಟೇ. 35.5 ತೂಗುವ ಒಂದೇ ಒಂದು ಕ್ಲೋರಿನ್ ಪರಮಾಣು ಜಗತ್ತಿನಲ್ಲಿ ಎಲ್ಲೂ ಇಲ್ಲ.

ಮೂರಕ್ಕೆ ಒಂದು ಎಂಬುದು ಸುಲಭದ ಲೆಕ್ಕ. ಸರಿಯಾಗಿ ಅಳೆದರೆ ಕ್ಲೋರಿನ್-35 ಶೇ. 75.76, ಕ್ಲೋರಿನ್-37 ಶೇ. 24.24. ಇವುಗಳ ನಿಖರ ರಾಶಿ 34.969 ಮತ್ತು 36.966. ಆಯಾ ಪಾಲಿನಿಂದ ಗುಣಿಸಿ ಕೂಡಿಸಿ: 26.49 ಮತ್ತು 8.96, ಒಟ್ಟು 35.45. ಆವರ್ತ ಕೋಷ್ಟಕದಲ್ಲಿ ಅಚ್ಚಾಗಿರುವುದೂ ಇದೇ ಅಂಕಿ. ನಿಮ್ಮ ಪುಸ್ತಕ ಅದನ್ನು 35.5 ಎಂದು ದುಂಡಗೆ ಮಾಡಿದೆ.

ಅರ್ಧದ ಹಿಂದೆ ಎರಡು ಥರದ ಪರಮಾಣುಗಳಿವೆ ಎಂದು ತಿಳಿದದ್ದು ಹೇಗೆ? ಬರೀ ತಕ್ಕಡಿಯಿಂದ ಇದು ಸಾಧ್ಯವಿಲ್ಲ, ಅದು ಯಾವಾಗಲೂ ಮಿಶ್ರಣವನ್ನೇ ತೂಗುತ್ತದೆ. ರಾಸಾಯನಿಕ ಕ್ರಿಯೆಯಿಂದಲೂ ಕಷ್ಟ, ಎರಡರ ನಡತೆಯೂ ಹೆಚ್ಚುಕಡಿಮೆ ಒಂದೇ. ದಾರಿ ತೋರಿಸಿದ್ದು ಮಾಸ್ ಸ್ಪೆಕ್ಟ್ರೋಗ್ರಾಫ್. ಅನಿಲದ ಪರಮಾಣುಗಳಿಂದ ಎಲೆಕ್ಟ್ರಾನ್ ಕಿತ್ತು ಅವನ್ನು ಅಯಾನುಗಳಾಗಿ ಮಾಡಬೇಕು. ವಿದ್ಯುತ್ ಕ್ಷೇತ್ರದಲ್ಲಿ ದೂಡಿ, ಕಾಂತಕ್ಷೇತ್ರದ ನಡುವೆ ಹಾಯಿಸಬೇಕು. ಹಗುರ ಅಯಾನು ಜಾಸ್ತಿ ಬಾಗುತ್ತದೆ, ಭಾರದ್ದು ಕಡಿಮೆ ಬಾಗುತ್ತದೆ. ಎರಡೂ ಬೇರೆ ಬೇರೆ ಜಾಗಕ್ಕೆ ಹೋಗಿ ಬೀಳುತ್ತವೆ. ಬ್ರಿಟನ್ನಿನ ಫ್ರಾನ್ಸಿಸ್ ಆಸ್ಟನ್ 1919ರಲ್ಲಿ ಇಂಥ ಉಪಕರಣ ಕಟ್ಟಿದರು. ಕ್ಲೋರಿನ್ ಹಾಯಿಸಿದಾಗ 35ರಲ್ಲಿ ಒಂದು ಗೆರೆ, 37ರಲ್ಲಿ ಇನ್ನೊಂದು ಗೆರೆ ಬಂತು. 35.5ರ ಜಾಗ ಖಾಲಿ. 1922ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಸಿಕ್ಕಿತು.

ಇವತ್ತು ಅದೇ ಪ್ರಯೋಗವನ್ನು ಕ್ಲೋರಿನ್ ಅನಿಲದ ಅಣುಗಳ ಮೇಲೆ ಮಾಡಿದರೆ ಇನ್ನೂ ಚೆಂದ. ಒಂದು ಅಣುವಿನಲ್ಲಿ ಎರಡು ಪರಮಾಣು. ಎರಡೂ 35 ಆದರೆ 70. ಒಂದು 35, ಇನ್ನೊಂದು 37 ಆದರೆ 72. ಎರಡೂ 37 ಆದರೆ 74. ಮೂರಕ್ಕೆ ಒಂದರಂತೆ ಬೆರೆತಿದ್ದರೆ ಈ ಮೂರು ಶಿಖರಗಳ ಎತ್ತರ 9, 6, 1ರ ಅನುಪಾತದಲ್ಲಿ ಬರಬೇಕು. ಹಾಗೇ ಬರುತ್ತದೆ. ನಡುವಿನದು 6 ಯಾಕೆ, 3 ಯಾಕಲ್ಲ ಎಂದು ಪೇಪರಿನ ಮೇಲೆ ಸ್ವಲ್ಪ ಕೂತು ಯೋಚಿಸಿ. ಸಂಭವನೀಯತೆಯ ಪಾಠ ಓದಿದ್ದರೆ ಎರಡು ನಿಮಿಷದ ಕೆಲಸ.

ಈ ಅರ್ಧ ದೊಡ್ಡವರನ್ನೂ ಕಾಡಿದೆ. 1815ರಲ್ಲಿ ವಿಲಿಯಂ ಪ್ರೌಟ್ ಎಂಬ ಇಂಗ್ಲಿಷ್ ವೈದ್ಯರು ಒಂದು ಊಹೆ ಮುಂದಿಟ್ಟರು. ಪರಮಾಣು ತೂಕಗಳೆಲ್ಲ ಹೈಡ್ರೋಜನ್ ತೂಕದ ಪೂರ್ಣ ಗುಣಕಗಳು, ಅಂದರೆ ಎಲ್ಲ ಪರಮಾಣುಗಳೂ ಹೈಡ್ರೋಜನ್‌ನಿಂದಲೇ ಆಗಿರಬೇಕು ಎಂದು. ಆ ಊಹೆಗೆ ಅಡ್ಡ ನಿಂತದ್ದರಲ್ಲಿ ಈ ಕ್ಲೋರಿನ್ ಮುಖ್ಯ. ಎಷ್ಟು ಜಾಗರೂಕತೆಯಿಂದ ತೂಗಿದರೂ 35.5ರ ಹತ್ತಿರವೇ ಬರುತ್ತಿತ್ತು. ಊಹೆ ಮೂಲೆಗೆ ಬಿತ್ತು. ನೂರು ವರ್ಷ ಕಳೆದ ಮೇಲೆ ನೋಡಿದರೆ ಪ್ರೌಟ್ ತೀರಾ ತಪ್ಪೇನೂ ಹೇಳಿರಲಿಲ್ಲ. 1913ರಲ್ಲಿ ಫ್ರೆಡರಿಕ್ ಸಾಡಿ ಐಸೋಟೋಪ್ ಎಂಬ ಕಲ್ಪನೆ ಕೊಟ್ಟರು. 1932ರಲ್ಲಿ ಜೇಮ್ಸ್ ಚಾಡ್‌ವಿಕ್ ನ್ಯೂಟ್ರಾನ್ ಕಂಡುಹಿಡಿದ ಮೇಲಷ್ಟೇ ಒಂದೇ ಧಾತುವಿಗೆ ಎರಡು ತೂಕ ಯಾಕೆ ಎಂಬುದಕ್ಕೆ ಪೂರ್ತಿ ಉತ್ತರ ಸಿಕ್ಕಿತು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ದಶಮಾಂಶ ಕಂಡಲ್ಲೆಲ್ಲ ಐಸೋಟೋಪ್ ಮಿಶ್ರಣವೇ ಕಾರಣ ಎಂದುಕೊಳ್ಳಬೇಡಿ. ಸೋಡಿಯಂಗೆ ಸ್ಥಿರ ಐಸೋಟೋಪ್ ಒಂದೇ, ಸೋಡಿಯಂ-23. ಆದರೂ ಅದರ ಪರಮಾಣು ರಾಶಿ 22.99. ಅದರ 11 ಪ್ರೋಟಾನ್, 12 ನ್ಯೂಟ್ರಾನ್, 11 ಎಲೆಕ್ಟ್ರಾನ್‌ಗಳನ್ನು ಬಿಡಿಬಿಡಿಯಾಗಿ ತೂಗಿ ಕೂಡಿಸಿದರೆ 23.19 ಬರಬೇಕು. ಒಟ್ಟಿಗೆ ಸೇರಿದಾಗ 0.20ರಷ್ಟು ಕಮ್ಮಿ ಇದೆ. ಕಣಗಳು ನ್ಯೂಕ್ಲಿಯಸ್ಸಿನಲ್ಲಿ ಬಿಗಿದುಕೊಳ್ಳುವಾಗ ಶಕ್ತಿ ಹೊರಗೆ ಹೋಗುತ್ತದೆ. ಆ ಶಕ್ತಿಯ ಲೆಕ್ಕದಲ್ಲೇ ಅಷ್ಟು ರಾಶಿಯೂ ಹೋಗಿದೆ. ಇದು ಬಹಳ ಚಿಕ್ಕ ತಿದ್ದುಪಡಿ, ಹೈಸ್ಕೂಲ್ ಲೆಕ್ಕಗಳಲ್ಲಿ ಬಿಟ್ಟುಬಿಡಬಹುದು. ಅಂಕಿಯ ಬಾಲದಲ್ಲಿರುವ ಸಣ್ಣ ವ್ಯತ್ಯಾಸ ಇದರಿಂದ, ಕ್ಲೋರಿನ್‌ನಂಥ ದೊಡ್ಡ ಅರ್ಧ ಮಿಶ್ರಣದಿಂದ.

ಪೂರ್ಣ ಸಂಖ್ಯೆಯಂತೆ ಕಾಣುವುದನ್ನೂ ನಂಬುವ ಹಾಗಿಲ್ಲ. ಬ್ರೋಮಿನ್‌ನ ಪರಮಾಣು ರಾಶಿ 79.90. ಲೆಕ್ಕದಲ್ಲಿ ಎಲ್ಲರೂ 80 ಹಾಕುತ್ತಾರೆ. ಆದರೆ ಪ್ರಕೃತಿಯಲ್ಲಿ ಸಿಗುವ ಬ್ರೋಮಿನ್‌ನಲ್ಲಿ ಇರುವುದು 79 ಮತ್ತು 81, ಸುಮಾರು ಅರ್ಧರ್ಧ. 35 ಪ್ರೋಟಾನ್ ಕಳೆದು ಬ್ರೋಮಿನ್‌ನಲ್ಲಿ 45 ನ್ಯೂಟ್ರಾನ್ ಇದೆ ಎಂದು ಬರೆದವರು ಪ್ರಕೃತಿಯಲ್ಲಿ ಇಲ್ಲದ ಪರಮಾಣುವಿನ ಲೆಕ್ಕ ಬರೆದಿರುತ್ತಾರೆ. ನಿಜ ಉತ್ತರ 44 ಅಥವಾ 46. ಹಾಗಾಗಿ ನ್ಯೂಟ್ರಾನ್ ಎಣಿಸಲು ಐಸೋಟೋಪ್‌ನ ರಾಶಿ ಸಂಖ್ಯೆಯನ್ನೇ ಬಳಸಿ. ಗ್ರಾಂ ಲೆಕ್ಕಕ್ಕೆ ಮಾತ್ರ ಸರಾಸರಿ ಬೇಕು. ಕ್ಲೋರಿನ್ ಪರಮಾಣುಗಳ ಒಂದು ಮೋಲ್, ಅಂದರೆ 6.022 × 10²³ ಪರಮಾಣುಗಳು, ಸುಮಾರು 35.5 ಗ್ರಾಂ ತೂಗುತ್ತವೆ. ಅಷ್ಟು ದೊಡ್ಡ ಗುಂಪಿನಲ್ಲಿ ಎರಡೂ ಥರದವು ತಮ್ಮ ಪಾಲಿನಷ್ಟು ಇದ್ದೇ ಇರುತ್ತವೆ. ಸರಾಸರಿಗೆ ಬೆಲೆ ಬರುವುದು ಅಲ್ಲಿ.

ಮಿಶ್ರಣದ ಪಾಲು ಎಲ್ಲ ಕಡೆ ಒಂದೇ ಇರಬೇಕೆಂದು ಕಾನೂನೇನಿಲ್ಲ. ಕ್ಲೋರಿನ್‌ನಲ್ಲಿ ವ್ಯತ್ಯಾಸ ತೀರಾ ಕಡಿಮೆ. ಸೀಸದಲ್ಲಿ ಹಾಗಲ್ಲ. ಯುರೇನಿಯಂ, ಥೋರಿಯಂ ಕ್ಷಯಿಸಿ ಕೊನೆಗೆ ಸೀಸವಾಗುತ್ತವೆ. ಹಾಗಾಗಿ ಅದಿರು ಬೇರೆಯಾದರೆ ಅದರಲ್ಲಿನ ಸೀಸದ ಸರಾಸರಿಯೂ ಬದಲಾಗುತ್ತದೆ. ಅಮೆರಿಕದ ಥಿಯೋಡೋರ್ ರಿಚರ್ಡ್ಸ್ 1914ರಲ್ಲೇ ಇದನ್ನು ಅಳೆದು ತೋರಿಸಿದರು.

ನಡುವೆ ಒಂದು ಸಾಲು ತಪ್ಪಿದ ಜೋಡಿ

ಆವರ್ತ ಕೋಷ್ಟಕದಲ್ಲಿ ಆರ್ಗಾನ್ ಮತ್ತು ಪೊಟ್ಯಾಸಿಯಂ ಅಕ್ಕಪಕ್ಕ ಇವೆ. ಆರ್ಗಾನ್ 39.95, ಪೊಟ್ಯಾಸಿಯಂ 39.10. ಭಾರದ್ದು ಮುಂದೆ, ಹಗುರದ್ದು ಹಿಂದೆ! ತೂಕದ ಪ್ರಕಾರ ಜೋಡಿಸಿದ್ದರೆ ಪೊಟ್ಯಾಸಿಯಂ ಜಡ ಅನಿಲಗಳ ಸಾಲಿಗೆ ಹೋಗಬೇಕಿತ್ತು. ನೀರಿಗೆ ಬಿದ್ದರೆ ಹೊತ್ತಿಕೊಳ್ಳುವ ಲೋಹ ಅದು. ಅದನ್ನು ಹೀಲಿಯಂ, ನಿಯಾನ್ ಪಕ್ಕ ಕೂರಿಸಿದರೆ ಹೇಗೆ?

1913ರಲ್ಲಿ ಹೆನ್ರಿ ಮೋಸ್ಲಿ ಬೇರೆ ಬೇರೆ ಧಾತುಗಳಿಂದ ಹೊಮ್ಮುವ ಎಕ್ಸ್-ರೇಗಳನ್ನು ಅಳೆದರು. ಆ ಕಿರಣಗಳ ಆವರ್ತಾಂಕ ತೂಕವನ್ನು ಹಿಂಬಾಲಿಸಲಿಲ್ಲ. ಒಂದೊಂದೇ ಮೆಟ್ಟಿಲಾಗಿ ಏರುವ ಇನ್ನೊಂದು ಸಂಖ್ಯೆಯನ್ನು ಹಿಂಬಾಲಿಸಿತು. ನ್ಯೂಕ್ಲಿಯಸ್ಸಿನ ಧನ ಆವೇಶವೇ ಆ ಸಂಖ್ಯೆ. ಇವತ್ತು ನಾವು ಅದನ್ನು ಪ್ರೋಟಾನ್‌ಗಳ ಎಣಿಕೆ ಎನ್ನುತ್ತೇವೆ. ಕೋಷ್ಟಕದ ಸಾಲು ನಿಂತಿರುವುದು ಅದರ ಮೇಲೆ. ಮೋಸ್ಲಿ 1915ರಲ್ಲಿ, ಮೊದಲ ಮಹಾಯುದ್ಧದ ಗಲಿಪೋಲಿ ಕದನದಲ್ಲಿ ಸತ್ತರು. ಆಗ ಅವರಿಗೆ 27 ವರ್ಷ.

ಆರ್ಗಾನ್ ಯಾಕೆ ಅಷ್ಟು ಭಾರ? ಭೂಮಿಯ ಗಾಳಿಯಲ್ಲಿರುವ ಆರ್ಗಾನ್‌ನಲ್ಲಿ ಶೇ. 99.6 ಆರ್ಗಾನ್-40. ಅದು ಬಂದಿರುವುದು ಹೆಚ್ಚಾಗಿ ಬಂಡೆಗಳೊಳಗಿನ ಪೊಟ್ಯಾಸಿಯಂ-40 ಕ್ಷಯಿಸಿ. ತನ್ನ ಸಾಲನ್ನು ಗೊಂದಲ ಮಾಡಿದ ಪಕ್ಕದವನನ್ನು ಪೊಟ್ಯಾಸಿಯಂ ತಾನೇ ಕೊಬ್ಬಿಸಿದೆ ಅನ್ನಿ.

2, 8, 9 ಯಾಕಲ್ಲ

ಈಗ ಎರಡನೇ ಪ್ರಶ್ನೆ. ನೀವು ಹಿಡಿದಿರುವ ತಪ್ಪು ನಿಜವಾದದ್ದು, ಆದರೆ ಅದು ಪೊಟ್ಯಾಸಿಯಂನದ್ದಲ್ಲ, ಪಾಠ ಹೇಳುವ ರೀತಿಯದ್ದು.

ನ್ಯೂಕ್ಲಿಯಸ್ ಸುತ್ತ ಉಂಗುರ ಬಿಡಿಸಿ, ಅದರ ಮೇಲೆ ಚುಕ್ಕಿ ಇಡುವ ಚಿತ್ರ ಎಲ್ಲರಿಗೂ ಗೊತ್ತು. 1913ರಲ್ಲಿ ನೀಲ್ಸ್ ಬೋರ್ ಕೊಟ್ಟ ಮಾದರಿಯಿಂದ ಬಂದದ್ದು. ಹೈಡ್ರೋಜನ್‌ಗೆ ಅದು ಚೆನ್ನಾಗಿ ಹೊಂದಿತು. ಎಲೆಕ್ಟ್ರಾನ್‌ಗಳು ಹೆಚ್ಚಾದಂತೆ ಹೊಂದಲಿಲ್ಲ. ಎಲೆಕ್ಟ್ರಾನ್ ಗೆರೆ ಹಿಡಿದು ಸುತ್ತುವುದಿಲ್ಲ. ಅದು ಎಲ್ಲಿ ಸಿಗುವ ಸಾಧ್ಯತೆ ಎಷ್ಟು ಎಂದಷ್ಟೇ ಹೇಳಬಹುದು. ಅಂಥ ಒಂದೊಂದು ಹರಡುವಿಕೆಗೆ ಆರ್ಬಿಟಲ್ ಎನ್ನುತ್ತಾರೆ. ಚಿತ್ರದಲ್ಲಿ ಅಳತೆಯೂ ಸುಳ್ಳು, ಅದು ಇರಲಿ ಬಿಡಿ. ಕ್ಲೋರಿನ್ ನ್ಯೂಕ್ಲಿಯಸ್ಸನ್ನು ಒಂದು ಸೆಂಟಿಮೀಟರ್ ಅಗಲಕ್ಕೆ ಬಿಡಿಸಿದರೆ ಇಡೀ ಪರಮಾಣುವಿಗೆ ಸುಮಾರು ಕಾಲು ಕಿಲೋಮೀಟರ್ ಅಗಲದ ಹಾಳೆ ಬೇಕು.

ಮುಖ್ಯ ವಿಷಯ ಏನೆಂದರೆ, ಕವಚ ಎಂಬುದು ಒಂದೇ ಕೋಣೆಯಲ್ಲ. ಒಳಗೆ ಉಪಕವಚಗಳಿವೆ. ಎಸ್ ಉಪಕವಚದಲ್ಲಿ 2, ಪಿಯಲ್ಲಿ 6, ಡಿಯಲ್ಲಿ 10 ಎಲೆಕ್ಟ್ರಾನ್‌ಗಳಿಗೆ ಜಾಗ. ಮೊದಲ ಕವಚದಲ್ಲಿ ಎಸ್ ಮಾತ್ರ, ಹಾಗಾಗಿ 2. ಎರಡನೆಯದರಲ್ಲಿ ಎಸ್ ಮತ್ತು ಪಿ, ಹಾಗಾಗಿ 8. ಮೂರನೆಯದರಲ್ಲಿ ಮೂರೂ ಇವೆ. 2, 6, 10 ಕೂಡಿಸಿ, ನಿಮ್ಮ 18 ಬಂತು. ಅದು ಮಿತಿ. ಇಷ್ಟು ಹಿಡಿಸಬಹುದು ಎನ್ನುತ್ತದೆ, ಅಷ್ಟೆ. ಇದು ತುಂಬುವ ತನಕ ಮುಂದಿನದಕ್ಕೆ ಹೋಗಬಾರದು ಎಂದು ಅದು ಎಲ್ಲೂ ಹೇಳಿಲ್ಲ.

ಎಲೆಕ್ಟ್ರಾನ್ ಹೋಗಿ ಕೂರುವುದು ಒಟ್ಟು ಶಕ್ತಿ ಕಡಿಮೆಯಾಗುವ ಜಾಗದಲ್ಲಿ. ಆರ್ಗಾನ್‌ನಲ್ಲಿ ಮೂರನೇ ಕವಚದ ಎಸ್ ಮತ್ತು ಪಿ ತುಂಬಿ 8 ಆಗಿವೆ. ಪೊಟ್ಯಾಸಿಯಂನ 19ನೇ ಎಲೆಕ್ಟ್ರಾನ್ ಮುಂದೆ ಎರಡು ಜಾಗ ಖಾಲಿ ಇವೆ: ಮೂರನೇ ಕವಚದ ಡಿ, ನಾಲ್ಕನೇ ಕವಚದ ಎಸ್. ಚಿಕ್ಕದಾಗಿ 3ಡಿ, 4ಎಸ್ ಎನ್ನೋಣ. ಹೆಸರು ನೋಡಿದರೆ 3ಡಿ ಹತ್ತಿರ, 4ಎಸ್ ದೂರ. ಆದರೆ ಎಸ್ ಆರ್ಬಿಟಲ್‌ಗೆ ಒಂದು ಗುಣ ಇದೆ. ಅದರ ಹರಡುವಿಕೆಯ ಒಂದು ಸಣ್ಣ ಪಾಲು ಒಳಗಿನ ಎಲೆಕ್ಟ್ರಾನ್‌ಗಳ ಗುಂಪನ್ನು ದಾಟಿ ನ್ಯೂಕ್ಲಿಯಸ್ಸಿನ ತೀರಾ ಹತ್ತಿರದವರೆಗೂ ಹೋಗುತ್ತದೆ. ಅಲ್ಲಿ ನ್ಯೂಕ್ಲಿಯಸ್ಸಿನ ಸೆಳೆತ ಜೋರು. ಡಿ ಆರ್ಬಿಟಲ್ ಹಾಗೆ ಒಳಗೆ ನುಗ್ಗುವುದಿಲ್ಲ. ಒಳಗಿನ 18 ಎಲೆಕ್ಟ್ರಾನ್‌ಗಳು ಅದಕ್ಕೆ ಪೂರ್ತಿ ಅಡ್ಡ ನಿಲ್ಲುತ್ತವೆ. ಹೀಗಾಗಿ ಪೊಟ್ಯಾಸಿಯಂನಲ್ಲಿ 4ಎಸ್ ಅಗ್ಗ, 3ಡಿ ದುಬಾರಿ.

ಇದು ಬರೀ ವಾದವಲ್ಲ. ಪೊಟ್ಯಾಸಿಯಂ ಆವಿಯ ರೋಹಿತದಿಂದ, ಅಂದರೆ ಅದರ ಬೆಳಕನ್ನು ಬಣ್ಣಗಳಾಗಿ ಬಿಡಿಸಿ, ಅಳೆದಿದ್ದಾರೆ. ಆ ಎಲೆಕ್ಟ್ರಾನನ್ನು 4ಎಸ್‌ನಿಂದ 3ಡಿಗೆ ಏರಿಸಲು ಸುಮಾರು 2.7 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಹಾಕಬೇಕು. ಅಂದರೆ 2, 8, 9 ಎಂಬ ಪೊಟ್ಯಾಸಿಯಂ ಇರಬಾರದು ಎಂದೇನಿಲ್ಲ. ಉದ್ರೇಕಗೊಂಡ ಪೊಟ್ಯಾಸಿಯಂ ಆಗಿ ಕ್ಷಣಕಾಲ ಇರುತ್ತದೆ, ಆಮೇಲೆ ಬೆಳಕು ಚೆಲ್ಲಿ ಕೆಳಗಿಳಿಯುತ್ತದೆ. ತಣ್ಣಗೆ ಕೂತ ಪೊಟ್ಯಾಸಿಯಂ 2, 8, 8, 1.

ಇಲ್ಲಿ ಒಂದು ಹೋಲಿಕೆ ನನಗೆ ತುಂಬಾ ಇಷ್ಟ. ಕಾಲೇಜು ಪುಸ್ತಕಗಳೂ ಇದನ್ನು ಅಪರೂಪಕ್ಕೆ ಹೇಳುತ್ತವೆ. ಪೊಟ್ಯಾಸಿಯಂ ಪರಮಾಣುವಿನಲ್ಲಿ 19 ಎಲೆಕ್ಟ್ರಾನ್. ಕ್ಯಾಲ್ಸಿಯಂನಿಂದ ಒಂದು ಎಲೆಕ್ಟ್ರಾನ್ ಕಿತ್ತರೆ ಉಳಿಯುವುದು 19. ಸ್ಕ್ಯಾಂಡಿಯಂನಿಂದ ಎರಡು ಕಿತ್ತರೂ 19. ಮೂರರಲ್ಲೂ ಅಷ್ಟೇ ಎಲೆಕ್ಟ್ರಾನ್, ಬೇರೆಯಾದದ್ದು ನ್ಯೂಕ್ಲಿಯಸ್ ಮಾತ್ರ. 19ನೇ ಎಲೆಕ್ಟ್ರಾನ್ ಎಲ್ಲಿದೆ? ಪೊಟ್ಯಾಸಿಯಂನಲ್ಲಿ 4ಎಸ್. ಕ್ಯಾಲ್ಸಿಯಂ ಅಯಾನಿನಲ್ಲೂ 4ಎಸ್. ಸ್ಕ್ಯಾಂಡಿಯಂ ಅಯಾನಿನಲ್ಲಿ 3ಡಿ! ಪ್ರೋಟಾನ್ ಹೆಚ್ಚಿದಂತೆ ಸೆಳೆತ ಬಲವಾಗಿ 3ಡಿ ಕೆಳಗಿಳಿಯುತ್ತಾ ಬಂದು, ಅಲ್ಲಿ 4ಎಸ್‌ಗಿಂತ ಅಗ್ಗವಾಗಿದೆ. ನೀವು ಕೇಳಿದ 2, 8, 9 ಸ್ಕ್ಯಾಂಡಿಯಂನ ಈ ಅಯಾನಿನಲ್ಲಿ ಸಾಕ್ಷಾತ್ ಇದೆ.

ಹಾಗಾಗಿ '4ಎಸ್ ಯಾವಾಗಲೂ 3ಡಿಗಿಂತ ಕೆಳಗೆ' ಎಂದು ಬಾಯಿಪಾಠ ಮಾಡಬೇಡಿ. ಪೊಟ್ಯಾಸಿಯಂ, ಕ್ಯಾಲ್ಸಿಯಂವರೆಗೆ ಸರಿ. ಮುಂದೆ ಸ್ಕ್ಯಾಂಡಿಯಂ ಪರಮಾಣು 2, 8, 9, 2. ಅಲ್ಲಿಂದ ಮೂರನೇ ಕವಚ ತುಂಬುತ್ತಾ ಹೋಗಿ ಸತುವಿನ ಹೊತ್ತಿಗೆ 2, 8, 18, 2 ಆಗುತ್ತದೆ. ಪುಸ್ತಕದ 18 ಸುಳ್ಳಲ್ಲ, ತಡವಾಗಿ ಬರುತ್ತದೆ ಅಷ್ಟೆ. ನಡುವೆ ಕ್ರೋಮಿಯಂ 2, 8, 13, 1, ತಾಮ್ರ 2, 8, 18, 1 ಎಂದು ಸ್ವಲ್ಪ ಅಡ್ಡದಾರಿ ಹಿಡಿಯುತ್ತವೆ. ಕಬ್ಬಿಣ ಎಲೆಕ್ಟ್ರಾನ್ ಕಳೆದುಕೊಳ್ಳುವಾಗ ಮೊದಲು ಹೋಗುವುದು 4ಎಸ್‌ನ ಎರಡು. ಪರೀಕ್ಷೆಯಲ್ಲಿ 20ನೇ ಧಾತುವಿನವರೆಗೆ ಕೇಳಿದರೆ 2, 8, 8 ಸೂತ್ರ ಸಾಕು. ಅದು 20ರವರೆಗಿನ ಸೂತ್ರ ಎಂದು ಮಾತ್ರ ಗೊತ್ತಿರಲಿ.

ಸೋಡಿಯಂಗೆ ಇಷ್ಟವೇ?

ಇಲ್ಲ. ಸೋಡಿಯಂ ಪರಮಾಣುವಿಗೆ ತನ್ನ 11ನೇ ಎಲೆಕ್ಟ್ರಾನ್ ಕೊಡುವ ಯಾವ ಆಸೆಯೂ ಇಲ್ಲ. ಅದನ್ನು ಕೀಳಲು ಮೋಲ್‌ಗೆ 496 ಕಿಲೋಜೂಲ್ ಶಕ್ತಿ ಹಾಕಬೇಕು. 'ಕೊಡಲು ಇಷ್ಟಪಡುತ್ತದೆ' ಎಂಬುದು ಪಾಠ ಸುಲಭ ಮಾಡಲು ಹೇಳುವ ಮಾತು. ನನಗೆ ಅದು ಹಿಡಿಸುವುದಿಲ್ಲ, ಯಾಕೆಂದರೆ ಪ್ರಶ್ನೆಯನ್ನೇ ಮುಚ್ಚಿಹಾಕುತ್ತದೆ. ಕ್ಲೋರಿನ್ ಪಡೆಯುತ್ತದಲ್ಲ, ಅಲ್ಲಿ ಲಾಭವಾಗುವುದಿಲ್ಲವೇ? ಆಗುತ್ತದೆ, 349 ಕಿಲೋಜೂಲ್ ಮರಳಿ ಬರುತ್ತದೆ. 496 ಕೊಟ್ಟು 349 ಪಡೆದರೆ ನಷ್ಟವೇ ಅಲ್ವಾ?

ಸೋಡಿಯಂ ಲೋಹ ಮತ್ತು ಕ್ಲೋರಿನ್ ಅನಿಲದಿಂದ ಅಡುಗೆ ಉಪ್ಪು ಆಗುವ ಲೆಕ್ಕವನ್ನು ಪೂರ್ತಿ ಹಾಕಿ ನೋಡೋಣ. ಎಲ್ಲವೂ ಒಂದು ಮೋಲ್ ಉಪ್ಪಿಗೆ. ಗಟ್ಟಿ ಸೋಡಿಯಂನಿಂದ ಪರಮಾಣುಗಳನ್ನು ಬಿಡಿಸಲು ಸುಮಾರು 107 ಕಿಲೋಜೂಲ್ ಖರ್ಚು. ಎಲೆಕ್ಟ್ರಾನ್ ಕೀಳಲು 496. ಕ್ಲೋರಿನ್ ಅಣುವನ್ನು ಒಡೆದು ಪರಮಾಣು ಮಾಡಲು 122. ಖರ್ಚು ಒಟ್ಟು 725. ಕ್ಲೋರಿನ್ ಎಲೆಕ್ಟ್ರಾನ್ ಪಡೆದಾಗ 349 ಜಮಾ. ಇನ್ನೂ 376ರಷ್ಟು ಸಾಲ ಉಳಿದಿದೆ. ಇಲ್ಲಿಗೆ ನಿಲ್ಲಿಸಿದರೆ ಉಪ್ಪು ಆಗುವುದೇ ಇಲ್ಲ.

ಸಾಲ ತೀರಿಸುವುದು ಕೊನೆಯ ಹೆಜ್ಜೆ. ಧನ ಸೋಡಿಯಂ ಅಯಾನುಗಳೂ ಋಣ ಕ್ಲೋರೈಡ್ ಅಯಾನುಗಳೂ ಒಂದನ್ನೊಂದು ಸೆಳೆದು ಸ್ಫಟಿಕವಾಗಿ ಜೋಡಿಸಿಕೊಳ್ಳುತ್ತವೆ. ಪ್ರತಿ ಸೋಡಿಯಂ ಸುತ್ತ 6 ಕ್ಲೋರೈಡ್, ಪ್ರತಿ ಕ್ಲೋರೈಡ್ ಸುತ್ತ 6 ಸೋಡಿಯಂ. ಆಗ ಬಿಡುಗಡೆಯಾಗುವ ಶಕ್ತಿ ಸುಮಾರು 787 ಕಿಲೋಜೂಲ್. 376 ಕಳೆದರೆ 411 ಉಳಿಯಿತು. ಸೋಡಿಯಂ ಕ್ಲೋರಿನ್‌ನಲ್ಲಿ ಉರಿದು ಉಪ್ಪಾಗುವಾಗ ಹೊರಬರುವ ಶಾಖ ಅಳೆದರೆ ಸಿಗುವುದೂ ಇದೇ 411. ಅಂದರೆ ಉಪ್ಪು ಹುಟ್ಟಲು ಕಾರಣ ಒಂದು ಸೋಡಿಯಂನ ದಾನವಲ್ಲ, ಕೋಟಿಗಟ್ಟಲೆ ಅಯಾನುಗಳ ಪರಸ್ಪರ ಸೆಳೆತ. ಅಂದಹಾಗೆ, ಸ್ಫಟಿಕದೊಳಗೆ ಉಪ್ಪಿನ ಅಣು ಎಂಬ ಬಿಡಿ ಜೋಡಿ ಇಲ್ಲ. 58.5 ಎನ್ನುವುದು ಸೂತ್ರದ ರಾಶಿ, 23 ಮತ್ತು 35.5ರ ಮೊತ್ತ.

ಸೋಡಿಯಂ ಎರಡು ಎಲೆಕ್ಟ್ರಾನ್ ಯಾಕೆ ಬಿಡುವುದಿಲ್ಲ ಎಂಬುದಕ್ಕೂ ಇದೇ ಲೆಕ್ಕ ಉತ್ತರ ಕೊಡುತ್ತದೆ. ಎರಡನೆಯದು ಒಳಗಿನ ಕವಚದ್ದು. ಕೀಳಲು 4562 ಕಿಲೋಜೂಲ್ ಬೇಕು. ಯಾವ ಸ್ಫಟಿಕವೂ ಆ ಸಾಲ ತೀರಿಸಲಾರದು. ಮೆಗ್ನೀಸಿಯಂ ನೋಡಿ: ಮೊದಲನೆಯದಕ್ಕೆ 738, ಎರಡನೆಯದಕ್ಕೆ 1451, ಮೂರನೆಯದಕ್ಕೆ ಒಮ್ಮೆಲೇ 7733. ಎರಡರವರೆಗಿನ ಖರ್ಚನ್ನು ಮೆಗ್ನೀಸಿಯಂ ಆಕ್ಸೈಡ್ ಸ್ಫಟಿಕ ಸುಲಭವಾಗಿ ತುಂಬಿಕೊಡುತ್ತದೆ, ಅದು ಕೊಡುವುದು ಸುಮಾರು 3800. ಮೂರನೆಯದು ಯಾರ ಕೈಲೂ ಆಗದು. ಈ ಎತ್ತರದ ಜಿಗಿತ ಎಲ್ಲಿ ಬರುತ್ತದೋ ಅಲ್ಲಿಗೆ ಹೊರ ಕವಚ ಮುಗಿಯಿತು ಎಂದರ್ಥ. ಮೆಗ್ನೀಸಿಯಂನ ಹೊರ ಕವಚದಲ್ಲಿ 2 ಎಲೆಕ್ಟ್ರಾನ್ ಎಂದು ಪುಸ್ತಕ ಹೇಳುವುದಕ್ಕೆ ಪುರಾವೆಯೂ ಈ ಅಂಕಿಗಳಲ್ಲೇ ಇದೆ. ಚುಕ್ಕಿ ಚಿತ್ರ ಬಿಡಿಸುವ ಮೊದಲು ಈ ಅಂಕಿಗಳನ್ನು ಮಕ್ಕಳ ಮುಂದಿಟ್ಟರೆ ಅರ್ಧ ಗೊಂದಲ ತಾನೇ ಕರಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಹೊರ ಕವಚದಲ್ಲಿ ಎಂಟು ಎಲೆಕ್ಟ್ರಾನ್ ಆಗುವಂತೆ ಪರಮಾಣುಗಳು ಸೇರುತ್ತವೆ ಎಂಬ ಎಂಟರ ನಿಯಮ ಈ ಲೆಕ್ಕದಿಂದ ಬರುವ ಫಲ. ಅದೇ ಕಾರಣ ಅಲ್ಲ. ಹೊರ ಕವಚದ ಎಸ್ ಮತ್ತು ಪಿ ತುಂಬಿದ ಮೇಲೆ ಇನ್ನೊಂದನ್ನು ಕೀಳುವುದೂ ದುಬಾರಿ, ಸೇರಿಸುವುದೂ ದುಬಾರಿ. ಅದಕ್ಕೇ ಬಹಳಷ್ಟು ಪರಮಾಣುಗಳ ಕತೆ ಎಂಟಕ್ಕೆ ಬಂದು ನಿಲ್ಲುತ್ತದೆ. ನಿಲ್ಲದ ಕಡೆಗಳೂ ಇವೆ. ಬೋರಾನ್ ಟ್ರೈಫ್ಲೋರೈಡ್‌ನಲ್ಲಿ ಬೋರಾನ್ ಸುತ್ತ 6 ಎಂದು ಬರೆಯುತ್ತೇವೆ. ಗಂಧಕದ ಹೆಕ್ಸಾಫ್ಲೋರೈಡ್‌ನಲ್ಲಿ ಬಂಧಗಳ ಎಲೆಕ್ಟ್ರಾನ್ ಎಣಿಸಿದರೆ 12. ನೈಟ್ರಿಕ್ ಆಕ್ಸೈಡ್‌ನಲ್ಲಿ ಒಟ್ಟು ಎಲೆಕ್ಟ್ರಾನ್‌ಗಳೇ ಬೆಸ, ಅಲ್ಲಿ ಇಬ್ಬರಿಗೂ ಎಂಟು ಹಂಚಲು ಬರುವುದೇ ಇಲ್ಲ.

ಎಂಟನ್ನು ಕಾರಣ ಎಂದುಕೊಂಡಿದ್ದರಿಂದ ರಸಾಯನಶಾಸ್ತ್ರಕ್ಕೆ ಒಂದು ನಷ್ಟವೂ ಆಯಿತು. ಹೊರಗೆ ಎಂಟು ತುಂಬಿದ ಜಡ ಅನಿಲಗಳು ಯಾರ ಜೊತೆಗೂ ಸೇರುವುದಿಲ್ಲ ಎಂದು ದಶಕಗಳ ಕಾಲ ಹೆಚ್ಚಿನವರು ಒಪ್ಪಿಕೊಂಡಿದ್ದರು. ಕೆನಡಾದಲ್ಲಿ ಕೆಲಸ ಮಾಡುತ್ತಿದ್ದ ನೀಲ್ ಬಾರ್ಟ್‌ಲೆಟ್ ಪ್ಲಾಟಿನಂ ಹೆಕ್ಸಾಫ್ಲೋರೈಡ್ ಎಂಬ ಕಡುಗೆಂಪು ಅನಿಲದ ಜೊತೆ ಆಮ್ಲಜನಕ ಸೇರುವುದನ್ನು ಕಂಡರು. ಅಲ್ಲಿ ಆಮ್ಲಜನಕದ ಅಣುವೇ ಎಲೆಕ್ಟ್ರಾನ್ ಬಿಟ್ಟುಕೊಟ್ಟಿತ್ತು. ಅವರು ಎಂಟನ್ನು ನೋಡದೆ ಖರ್ಚಿನ ಪಟ್ಟಿ ನೋಡಿದರು. ಆಮ್ಲಜನಕದ ಅಣುವಿನಿಂದ ಎಲೆಕ್ಟ್ರಾನ್ ಕೀಳುವ ಖರ್ಚೂ ಜೆನಾನ್ ಎಂಬ ಜಡ ಅನಿಲದ ಪರಮಾಣುವಿನಿಂದ ಕೀಳುವ ಖರ್ಚೂ ಹೆಚ್ಚುಕಡಿಮೆ ಒಂದೇ, ಮೋಲ್‌ಗೆ 1170 ಕಿಲೋಜೂಲ್ ಆಸುಪಾಸು. ಅದಕ್ಕಾಗುವುದು ಇದಕ್ಕೆ ಯಾಕಾಗಬಾರದು? 1962ರಲ್ಲಿ ಅವರು ಜೆನಾನ್ ಮತ್ತು ಪ್ಲಾಟಿನಂ ಹೆಕ್ಸಾಫ್ಲೋರೈಡ್ ಅನಿಲಗಳನ್ನು ಬೆರೆಸಿದರು. ಕೋಣೆಯ ಉಷ್ಣತೆಯಲ್ಲೇ ಕಿತ್ತಳೆ-ಹಳದಿ ಘನ ವಸ್ತು ಬಂತು. ಅದೇ ವರ್ಷ ಬೇರೆಯವರು ಜೆನಾನ್ ಟೆಟ್ರಾಫ್ಲೋರೈಡ್ ಮಾಡಿದರು. ಅದರಲ್ಲಿ ಜೆನಾನ್ ಸುತ್ತ ಎಣಿಸಿದರೆ ಎಲೆಕ್ಟ್ರಾನ್‌ಗಳು 12.